ಕೇಳಿ ಉಣ್ಣು, ಮಗು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಹುಟ್ಟಿದ ಎಷ್ಟೋ ಮಕ್ಕಳು ಈಗ ವೈಟ್‌ಫೀಲ್ಡಿನಲ್ಲಿ, ಹೆಬ್ಬಾಳದ ಆಚೆಯ ಆಫೀಸುಗಳಲ್ಲಿ ಕೆಲಸಕ್ಕಿದ್ದಾರೆ. ಓದಲು ಪ್ಯಾರಿಸ್ಸಿಗೆ ಹೋದವರೂ ಇದ್ದಾರೆ. ಒಂದು ದಿನ ಮೊಬೈಲಿಗೆ ಸುದ್ದಿ ಬರುತ್ತದೆ: ಶುಕ್ರವಾರ ರಾತ್ರಿ ಎಲ್ಲರಿಗೂ ಊಟ, ದೊಡ್ಡ ಫ್ರೆಂಚ್ ರೆಸ್ಟೋರೆಂಟಿನಲ್ಲಿ. ಅಲ್ಲಿಗೆ ನಿದ್ದೆ ಹಾರಿತು. ಯಾವ ಬಟ್ಟೆ ಹಾಕಲಿ, ಯಾವ ಚಮಚ ಹಿಡಿಯಲಿ, ಮೆನುವಿನಲ್ಲಿ ಬರೆದದ್ದನ್ನು ಹೇಗೆ ಓದಲಿ, ಜೊತೆಯವರು ನಕ್ಕರೆ ಏನು ಗತಿ?

ನಾನು ಕೊರಟಗೆರೆ ಸೀಮೆಯವನು. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಮೇಜಿಗೆ ಬಡಿಸುವ ಕೆಲಸದಲ್ಲೇ ತಲೆ ನರೆತು, ಈಗ ಊರಿಗೆ ಬಂದು ಕೂತಿದ್ದೇನೆ. ಬಡಿಸುವವನಿಗೆ ಉಣ್ಣುವವರ ಮುಖವೆಲ್ಲ ಕಾಣುತ್ತದೆ. ನಾನು ಕಂಡದ್ದು ಇಷ್ಟು: ಆ ಮೇಜಿನಲ್ಲಿ ಕಷ್ಟಪಟ್ಟವರು ಗೊತ್ತಿಲ್ಲದವರಲ್ಲ, ಗೊತ್ತಿಲ್ಲದ್ದನ್ನು ಮುಚ್ಚಿಟ್ಟವರು. ‘ಇದೇನು, ಹೇಗೆ ತಿನ್ನಬೇಕು?’ ಅಂತ ನೇರವಾಗಿ ಕೇಳಿದವರನ್ನು ಅಡುಗೆಮನೆಯವರೂ ನಾವೂ ಮೆಚ್ಚಿದೆವು. ಹಾಗಾಗಿ ನನ್ನ ಕಿವಿಮಾತು ಒಂದೇ: ಕೇಳಿ ಉಣ್ಣು. ಮಿಕ್ಕದ್ದೆಲ್ಲ ಅದರ ವಿವರ.

ಮೊದಲು ಆ ಊಟದ ಕ್ರಮ ತಿಳಿದುಕೋ. ನಮ್ಮಲ್ಲಿ ಎಲೆ ತುಂಬ ಬಡಿಸಿದ ಮೇಲೆ ಊಟ ಶುರು. ಅಲ್ಲಿ ಒಂದು ತಟ್ಟೆ ಮುಗಿದು ಎತ್ತಿದ ಮೇಲೆಯೇ ಇನ್ನೊಂದು ಬರುವುದು. ಫ್ರಾನ್ಸಿನಲ್ಲೂ ಹಿಂದೆ ಎಲ್ಲವನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡುತ್ತಿದ್ದರು. ಒಂದಾದ ಮೇಲೊಂದು ತರುವ ಪದ್ಧತಿ ರಷ್ಯಾದವರಿಂದ ಬಂದು 19ನೇ ಶತಮಾನದಲ್ಲಿ ನೆಲೆಯಾಯಿತು. ಒಗುಸ್ತ್ ಎಸ್ಕೋಫಿಯೆ ಎಂಬ ಮಹಾ ಅಡುಗೆಯವರು ಹೋಟೆಲಿನ ಅಡುಗೆಮನೆಯನ್ನು ಸಾಸ್, ಮಾಂಸ, ಮೀನು, ತರಕಾರಿ, ಸಿಹಿ ಎಂದು ವಿಭಾಗ ಮಾಡಿ ಒಂದೊಂದಕ್ಕೆ ಒಬ್ಬೊಬ್ಬರನ್ನು ಹೊಣೆ ಮಾಡಿದರು. 1903ರಲ್ಲಿ ತಮ್ಮ ದೊಡ್ಡ ಪಾಕಗ್ರಂಥವನ್ನು ಹೊರತಂದರು. ಇವತ್ತಿಗೂ ಜಗತ್ತಿನ ದೊಡ್ಡ ಹೋಟೆಲುಗಳು ನಡೆಯುವುದು ಬಹುಮಟ್ಟಿಗೆ ಆ ಕಟ್ಟಿನಲ್ಲೇ.

‘ಆಧುನಿಕ’ ಫ್ರೆಂಚ್ ಅಡುಗೆ ಇನ್ನೂ ಈಚಿನದು. 1973ರಲ್ಲಿ ಹೆನ್ರಿ ಗೋ, ಕ್ರಿಸ್ತಿಯಾನ್ ಮಿಲೋ ಎಂಬ ಇಬ್ಬರು ಪತ್ರಕರ್ತರು ಹೊಸ ಅಡುಗೆಗೆ ಹತ್ತು ಸೂತ್ರ ಬರೆದರು. ಅತಿಯಾಗಿ ಬೇಯಿಸಬೇಡಿ, ತಾಜಾ ಪದಾರ್ಥ ಬಳಸಿ, ಹಿಟ್ಟು ಬೆರೆಸಿದ ಗಟ್ಟಿ ಸಾಸ್ ಬಿಡಿ, ಮೆನು ಚಿಕ್ಕದಾಗಲಿ ಎಂಬವು ಅದರಲ್ಲಿದ್ದವು. ಪೋಲ್ ಬೊಕ್ಯೂಸ್, ಮಿಶೆಲ್ ಗೆರಾರ್, ರೋಆನ್ ಊರಿನ ತ್ರ್ವಾಗ್ರೊ ಸೋದರರು ಈ ದಾರಿಯ ದೊಡ್ಡ ಹೆಸರುಗಳು. ತಟ್ಟೆಯಲ್ಲಿ ನಾಲ್ಕೇ ತುತ್ತು ಕಂಡರೆ ಹಸಿವಾಗುತ್ತದೆಂದು ಹೆದರಬೇಡ. ಅಂಥ ತಟ್ಟೆ ಏಳೆಂಟು ಬರುತ್ತವೆ. ಎದ್ದೇಳುವಾಗ ಹೊಟ್ಟೆ ತುಂಬಿರುತ್ತದೆ. ಎರಡು ಮೂರು ಗಂಟೆ ಹಿಡಿಯುತ್ತದೆ. ಊರಿನ ಕಡೆಯ ಬಸ್ಸಿನ ಹೊತ್ತು ನೋಡಿಕೊಂಡು ಕೂರುವ ಊಟ ಅದಲ್ಲ, ಬಿಡುವು ಮಾಡಿಕೊಂಡೇ ಹೋಗು.

ಇನ್ನು ಹೋಗುವ ಮೊದಲಿನ ಕೆಲಸ. ಇದೇ ಮುಖ್ಯ. ಮೇಜು ಕಾದಿರಿಸುವಾಗಲೇ ನೀನು ಏನು ತಿನ್ನುವುದಿಲ್ಲ ಎಂಬುದನ್ನು ಹೇಳಿಬಿಡು. ಆಫೀಸಿನವರು ಕಾದಿರಿಸಿದ್ದರೆ ಅವರ ಮೂಲಕ ತಿಳಿಸು, ಇಲ್ಲವೇ ಹಿಂದಿನ ದಿನ ನೀನೇ ಫೋನ್ ಮಾಡು. ‘ನಾನು ವೆಜ್’ ಅಂದರೆ ಸಾಲದು. ಫ್ರೆಂಚ್ ಅಡುಗೆಯ ಬುಡದಲ್ಲಿ ಸ್ಟಾಕ್ ಇರುತ್ತದೆ. ಅಂದರೆ ಕೋಳಿ, ಕರು, ಮೀನಿನ ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿ ಇಳಿಸಿದ ರಸ. ತರಕಾರಿ ಸೂಪಿನಲ್ಲೂ ಅದು ಸೇರಿರಬಹುದು. ಸಿಹಿ ತಿನಿಸಿನಲ್ಲಿ ಜೆಲಟಿನ್ ಇರಬಹುದು, ಅದು ಪ್ರಾಣಿಯ ತೊಗಲು ಮೂಳೆಗಳದ್ದು. ಹಲವು ಹಳೆಯ ಬಗೆಯ ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಸಲಾಡಿನ ಮೇಲೆ ಹಾಕುವ ರಸದಲ್ಲಿ ಆಂಚೊವಿ ಎಂಬ ಸಣ್ಣ ಮೀನು ಅರೆದಿರಬಹುದು. ‘ಮೊಟ್ಟೆ ಆಗುತ್ತದೆ, ಸ್ಟಾಕ್ ಬೇಡ, ಜೆಲಟಿನ್ ಬೇಡ’ ಎಂದು ಬಿಡಿಸಿ ಹೇಳು. ಮುಂಚೆ ಹೇಳಿದರೆ ಅಡುಗೆಯವರು ನಿನಗಾಗಿಯೇ ಬೇರೆ ತಟ್ಟೆ ಯೋಚಿಸುತ್ತಾರೆ. ಕೂತ ಮೇಲೆ ಹೇಳಿದರೆ ಅವರ ಕೈಯಲ್ಲಿ ಹೆಚ್ಚೇನೂ ಆಗುವುದಿಲ್ಲ, ನಿನಗೆ ಬೇಯಿಸಿದ ಕ್ಯಾರೆಟ್ಟೇ ಗತಿಯಾದೀತು. ಕಡಲೆಬೀಜವೋ ಹಾಲೋ ಮೈಗೆ ಆಗದಿದ್ದರೆ ಅದನ್ನಂತೂ ಮರೆಯದೆ ಹೇಳು. ಅದು ಜೀವದ ಪ್ರಶ್ನೆ.

ಸಸ್ಯಾಹಾರಿ ಎಂದು ಹೇಳಲು ಕುಗ್ಗಬೇಡ. ಪ್ಯಾರಿಸ್ಸಿನ ಲಾರ್ಪೆಜ್ ಎಂಬ ಹೆಸರಾಂತ ರೆಸ್ಟೋರೆಂಟಿನ ಅಲೆನ್ ಪಸ್ಸಾರ್ 2001ರಲ್ಲೇ ಕೆಂಪು ಮಾಂಸವನ್ನು ಮೆನುವಿನಿಂದ ತೆಗೆದು, ಸ್ವಂತ ತೋಟದ ತರಕಾರಿಯನ್ನು ನಡುಮಧ್ಯಕ್ಕೆ ತಂದರು. ಆದರೂ ಒಳ್ಳೆಯ ರೆಸ್ಟೋರೆಂಟುಗಳಿಗೆ ಸಲ್ಲುವ ಮಿಶೆಲಿನ್ ನಕ್ಷತ್ರ ಅದಕ್ಕೆ ಮೂರಿದ್ದದ್ದು ಕದಲಲಿಲ್ಲ. 2025ರಲ್ಲಿ ಜೇನುತುಪ್ಪ ಒಂದನ್ನು ಉಳಿಸಿಕೊಂಡು ಮೀನು, ಮೊಟ್ಟೆ, ಹಾಲನ್ನೂ ಬಿಟ್ಟರು. ಸೊಪ್ಪು ತರಕಾರಿಯ ಅಡುಗೆಗೆ ಫ್ರಾನ್ಸಿನಲ್ಲೇ ಇಷ್ಟು ಮರ್ಯಾದೆ ಇರುವಾಗ ನೀನು ಯಾಕೆ ತಲೆ ತಗ್ಗಿಸಬೇಕು?

ಮಾಂಸ ತಿನ್ನುವವನಾದರೂ ಕೇಳು. ದನದ್ದೋ ಹಂದಿಯದ್ದೋ ಮನೆಯಲ್ಲಿ ನಿಷಿದ್ಧವಿದ್ದರೆ ಆರಂಭದಲ್ಲೇ ತಿಳಿಸು. ಫ್ರೆಂಚರು ಕೆಲವು ಮಾಂಸವನ್ನು ಒಳಗೆ ಕೆಂಪಗೆ ಇರುವಂತೆ ಬೇಯಿಸುತ್ತಾರೆ. ಚೆನ್ನಾಗಿ ಬೆಂದ ನಾಟಿಕೋಳಿ ಸಾರು ತಿಂದು ಬೆಳೆದವರಿಗೆ ಅದು ಹಿಡಿಸದಿರಬಹುದು. ‘ಪೂರ್ತಿ ಬೇಯಿಸಿ ಕೊಡಿ’ ಅಂದರೆ ತಪ್ಪಲ್ಲ. ‘ಟಾರ್ಟಾರ್’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಹಸಿ ಮಾಂಸ ಅಥವಾ ಹಸಿ ಮೀನು. ‘ಫ್ವಾ ಗ್ರಾ’ ಎಂದಿದ್ದರೆ ಬಾತುಕೋಳಿಗೆ ಒತ್ತಾಯದಿಂದ ತಿನ್ನಿಸಿ ಕೊಬ್ಬಿಸಿದ ಪಿತ್ತಜನಕಾಂಗ. ಅದರ ಆಮದನ್ನು ಭಾರತ 2014ರಲ್ಲಿ ನಿಲ್ಲಿಸಿತು. ಫ್ರಾನ್ಸಿಗೆ ಹೋದವರಿಗೆ ಎದುರಾಗುತ್ತದೆ. ತಿನ್ನುವುದು ಬಿಡುವುದು ನಿನ್ನ ಮನಸ್ಸಿಗೆ ಬಿಟ್ಟದ್ದು. ಏನು ಅಂತ ತಿಳಿದು ತೀರ್ಮಾನ ಮಾಡು.

ಮೆನು ಕೈಗೆ ಬಂದಾಗ ಗಾಬರಿಯಾಗಬೇಡ. ‘ಆಂತ್ರೆ’ ಮೊದಲ ತಟ್ಟೆ, ‘ಪ್ಲಾ’ ಮುಖ್ಯ ತಟ್ಟೆ, ‘ಫ್ರೊಮಾಜ್’ ಚೀಸ್, ‘ದೆಸೆರ್’ ಸಿಹಿ. ‘ದೆಗ್ಯುಸ್ತಾಸಿಯೋನ್’ ಎಂದಿದ್ದರೆ ಅಡುಗೆಯವರೇ ಆರಿಸಿದ ಸಣ್ಣ ಸಣ್ಣ ತಟ್ಟೆಗಳ ಸಾಲು. ಸಾಮಾನ್ಯವಾಗಿ ಮೇಜಿನವರೆಲ್ಲ ಅದನ್ನೇ ತೆಗೆದುಕೊಳ್ಳಬೇಕಾಗುತ್ತದೆ. ನೀನು ಕೇಳದಿದ್ದರೂ ಮೊದಲಲ್ಲಿ ಒಂದು ತುತ್ತಿನ ತಿನಿಸು ಬಂದರೆ ಅದು ಅಡುಗೆಮನೆಯ ಕಾಣಿಕೆ, ಅದಕ್ಕೆ ಬೇರೆ ದುಡ್ಡಿಲ್ಲ.

ಮೇಜಿನ ರೀತಿ ಕಲಿಯುವುದು ಐದು ನಿಮಿಷದ ಮಾತು. ಬಟ್ಟೆಯ ಕರವಸ್ತ್ರವನ್ನು ತೊಡೆಯ ಮೇಲೆ ಹಾಸಿಕೋ. ಚಮಚ, ಫೋರ್ಕ್, ಚಾಕುಗಳು ಸಾಲಾಗಿದ್ದರೆ ಹೊರಗಿನಿಂದ ಒಳಗೆ ಬಾ; ಪ್ರತಿ ತಟ್ಟೆಗೆ ತುದಿಯದ್ದನ್ನು ಎತ್ತಿಕೊಂಡರಾಯಿತು. ಎಡಗಡೆಯ ಪುಟ್ಟ ತಟ್ಟೆ ನಿನ್ನ ಬ್ರೆಡ್ಡಿನದು. ಬ್ರೆಡ್ಡನ್ನು ಚಾಕುವಿನಿಂದ ಕೊಯ್ಯದೆ ಕೈಯಿಂದ ಮುರಿದು ತಿನ್ನು. ಫ್ರೆಂಚರೂ ಹಾಗೇ ತಿನ್ನುತ್ತಾರೆ. ಊಟ ಮುಗಿದಾಗ ಚಾಕು ಫೋರ್ಕ್ ಎರಡನ್ನೂ ಜೋಡಿಸಿ ತಟ್ಟೆಯ ಮೇಲೆ ಮಲಗಿಸು, ಎತ್ತಿಕೊಂಡು ಹೋಗಬಹುದೆಂಬ ಗುರುತು ಅದು. ಫೋರ್ಕ್ ನೆಲಕ್ಕೆ ಬಿದ್ದರೆ ಬಗ್ಗಿ ಹುಡುಕಬೇಡ, ಇನ್ನೊಂದು ಕೇಳು. ನೀರು ಕೇಳುವಾಗ ‘ಸಾದಾ ನೀರು’ ಎಂದು ಸ್ಪಷ್ಟವಾಗಿ ಹೇಳು, ಬಾಟಲಿ ತೆರೆದರೆ ಅದರ ಬೆಲೆ ಬಿಲ್ಲಿಗೆ ಬರುತ್ತದೆ. ಫ್ರಾನ್ಸಿನಲ್ಲಾದರೆ ಊಟಕ್ಕೆ ಕೂತವರಿಗೆ ಹೂಜಿಯ ನೀರನ್ನು ಪುಕ್ಕಟೆ ಕೊಡುವುದು ಕಾನೂನು.

ವೈನ್ ವಿಚಾರವನ್ನೂ ಹೇಳಿಬಿಡುತ್ತೇನೆ. ಮಧುಗಿರಿಯಿಂದ ಗೌರಿಬಿದನೂರಿನ ಮೇಲೆ ಬೆಂಗಳೂರಿಗೆ ಬರುವಾಗ ದೊಡ್ಡಬಳ್ಳಾಪುರ ಸಿಗುತ್ತದಲ್ಲ, ಅಲ್ಲಿ ನಂದಿಬೆಟ್ಟದ ಆಸುಪಾಸಿನಲ್ಲಿ ಕನ್ವಲ್ ಗ್ರೋವರ್ ಅವರು 1980ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತಳಿಗಳನ್ನು ತಂದು ಬೆಳೆಸಿದರು. ಮುಂದೆ ಬೋರ್ಡೊ ಸೀಮೆಯ ಮಿಶೆಲ್ ರೋಲಾನ್ ಅಲ್ಲಿಗೆ ಸಲಹೆಗಾರರಾದರು. ಹಾಗಾಗಿ ಆ ಮೇಜಿನ ಮೇಲಿನ ಬಾಟಲಿ ನೀನು ಓಡಾಡುವ ದಾರಿಯ ಬದಿಯದ್ದೇ ಇರಬಹುದು. ಆದರೆ ಕುಡಿಯಲೇಬೇಕೆಂಬ ನಿಯಮ ಯಾವ ದೇಶದಲ್ಲೂ ಇಲ್ಲ. ‘ನನಗೆ ಬೇಡ’ ಎಂದು ಒಮ್ಮೆ ನಗುತ್ತಾ ಹೇಳು, ಕಾರಣ ಕೊಡಬೇಕಿಲ್ಲ. ಕುಡಿಯುವವನಾದರೆ, ಮೊದಲು ಒಂದು ಗುಟುಕು ಸುರಿದು ನಿನ್ನ ಮುಖ ನೋಡುವುದು ವೈನ್ ಕೆಟ್ಟಿದೆಯೋ ಇಲ್ಲವೋ ತಿಳಿಯಲು ಎಂಬುದು ನೆನಪಿರಲಿ. ಸರಿಯಿದ್ದರೆ ತಲೆಯಾಡಿಸಿದರೆ ಸಾಕು. ಕುಡಿದ ಮೇಲೆ ಗಾಡಿ ಮುಟ್ಟಬೇಡ. ಈ ಮಾತಿಗೆ ಮಾತ್ರ ರಿಯಾಯಿತಿ ಇಲ್ಲ.

ಈಗ ರುಚಿಗೆ ಬಾ. ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ. ಅಲ್ಲಿ ಪ್ರತಿ ತುತ್ತನ್ನೂ ನಿಧಾನವಾಗಿ ಅಗಿದು ನೋಡು. ಫೋಟೋ ಒಂದು ಸಾಕು, ಆಮೇಲೆ ಮೊಬೈಲು ಜೇಬಿಗೆ ಹೋಗಲಿ. ನಿನ್ನ ನಾಲಿಗೆಗೆ ಈ ಅಡುಗೆ ತೀರ ಹೊಸದಲ್ಲ. ಹುರುಳಿಕಾಳು ಬೇಯಿಸಿ ಬಸಿದ ಕಟ್ಟಿನಿಂದ ಬಸ್ಸಾರು ಮಾಡುವಾಗ ನಿನ್ನ ಅವ್ವ ಆ ಕಟ್ಟನ್ನು ಎಷ್ಟು ಜೋಪಾನ ಮಾಡುತ್ತಾಳೋ, ಅವರು ಸ್ಟಾಕನ್ನು ಅಷ್ಟೇ ಜೋಪಾನ ಮಾಡುತ್ತಾರೆ. ಸಾರವೆಲ್ಲ ಅದರಲ್ಲೇ ಇದೆ ಎಂಬುದು ಇಬ್ಬರಿಗೂ ಗೊತ್ತು. ತ್ರ್ವಾಗ್ರೊ ಸೋದರರಿಗೆ ಜಗತ್ತಿನಲ್ಲೆಲ್ಲ ಹೆಸರು ತಂದ ತಟ್ಟೆ ಯಾವುದು ಗೊತ್ತೇ? ಸಾಲ್ಮನ್ ಮೀನಿಗೆ ಒಂದು ಹುಳಿ ಸೊಪ್ಪಿನ ಸಾಸ್. ಆ ಸೊಪ್ಪು ನಮ್ಮ ಕಡೆ ಬೇಳೆಗೆ ಹಾಕುವ ಚುಕ್ಕೆಸೊಪ್ಪಿನ ಕುಲದ್ದೇ, ಸಸ್ಯಶಾಸ್ತ್ರದವರು ಎರಡನ್ನೂ ರೂಮೆಕ್ಸ್ ಎಂಬ ಒಂದೇ ಗುಂಪಿಗೆ ಸೇರಿಸುತ್ತಾರೆ. ಪಾವಗಡದ ಸಂತೆಯ ಸೊಪ್ಪಿನ ಹುಳಿ ತಿಳಿದ ನಾಲಿಗೆ ರೋಆನಿನ ಸಾಸನ್ನೂ ತೂಗಿ ನೋಡಬಲ್ಲದು. ಧೈರ್ಯವಾಗಿ ರುಚಿ ನೋಡು. ಹಿಡಿಸಿದರೆ ಏಕೆ ಹಿಡಿಸಿತು ಎಂದು ಹೇಳು, ಹಿಡಿಸದಿದ್ದರೆ ಮೆಲ್ಲಗೆ ಬದಿಗಿಡು.

ದುಡ್ಡಿನ ವಿಚಾರದಲ್ಲೂ ಕೇಳುವುದಕ್ಕೆ ನಾಚಬೇಡ. ಇಂಥ ಊಟಕ್ಕೆ ತಲೆಗೆ ಸಾವಿರಗಟ್ಟಲೆ ಆಗುತ್ತದೆ. ಯಾರು ಕೊಡುತ್ತಾರೆ, ಹಂಚಿಕೊಳ್ಳುವುದೋ ಎಂಬುದನ್ನು ಹೋಗುವ ಮೊದಲೇ ತಿಳಿದುಕೋ. ರೆಸ್ಟೋರೆಂಟಿನ ಊಟಕ್ಕೆ ಸಾಮಾನ್ಯವಾಗಿ ಶೇ. 5 ಜಿಎಸ್‌ಟಿ, ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆಗಳಿರುವ ಹೋಟೆಲಿನ ಒಳಗಾದರೆ ಶೇ. 18. ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇಡವೆಂದರೆ ತೆಗೆಸಬಹುದು. ಆದರೆ ಚೆನ್ನಾಗಿ ನೋಡಿಕೊಂಡವನ ಕೈಗೆ ನಿನಗೆ ತೋಚಿದಷ್ಟು ಇಡು. ರಾತ್ರಿ ಹನ್ನೆರಡಕ್ಕೆ ಮೇಜು ಒರೆಸಿ ಮನೆಗೆ ಹೋಗುವವನು ಅವನು. ಸಾಲ ಮಾಡಿಯೋ, ತೀರಿಸಲಾಗದಷ್ಟು ಕ್ರೆಡಿಟ್ ಕಾರ್ಡ್ ಉಜ್ಜಿಯೋ ಇಂಥ ಊಟಕ್ಕೆ ಹೋಗಬೇಡ. ಸ್ವಂತ ದುಡ್ಡಿನಲ್ಲಿ ಹೋಗುವ ಆಸೆಯಿದ್ದರೆ ಮಧ್ಯಾಹ್ನದ ಮೆನು ಇದೆಯೇ ಕೇಳು, ಇದ್ದ ಕಡೆ ರಾತ್ರಿಗಿಂತ ಅಗ್ಗ.

‘ಮಿಶೆಲಿನ್’ ಎಂಬ ಬೋರ್ಡು ನೋಡಿ ಮರುಳಾಗಬೇಡ. ಮಿಶೆಲಿನ್ ಎಂಬುದು ಟೈರ್ ಕಂಪನಿ. ಗಾಡಿಯಲ್ಲಿ ಊರೂರು ಸುತ್ತುವವರಿಗಾಗಿ 1900ರಲ್ಲಿ ಕೈಪಿಡಿ ಹೊರಡಿಸಿ, 1926ರಿಂದ ರೆಸ್ಟೋರೆಂಟುಗಳಿಗೆ ನಕ್ಷತ್ರ ಕೊಡತೊಡಗಿತು. ನಕ್ಷತ್ರ ಸಲ್ಲುವುದು ರೆಸ್ಟೋರೆಂಟಿಗೆ, ಅಡುಗೆಯವರು ಹೋದಲ್ಲೆಲ್ಲ ಅದು ಹಿಂದೆ ಬರುವುದಿಲ್ಲ. ಬೆಂಗಳೂರಿನಲ್ಲಿ ಯಾರಾದರೂ ಆ ಹೆಸರು ಹೇಳಿದರೆ ಯಾವ ಊರಿನ ಯಾವ ರೆಸ್ಟೋರೆಂಟಿನದು ಅಂತ ವಿಚಾರಿಸು. ಬೆಂಗಳೂರಿನಲ್ಲೇ ಈ ಬಗೆಯ ಊಟ ಬೇರೆ ರೂಪದಲ್ಲೂ ಸಿಗುತ್ತದೆ. ಬಾಗಲೂರಿನ ಕಡೆ ಸಾತನೂರಿನ ಫಾರ್ಮ್‌ಲೋರ್‌ನಲ್ಲಿ ತೋಟದ ನಡುವೆ ಕೂರಿಸಿ, ನಮ್ಮ ನೆಲದ ಪದಾರ್ಥಗಳನ್ನೇ ಒಂದಾದ ಮೇಲೊಂದು ತಟ್ಟೆಯಾಗಿ ಬಡಿಸುತ್ತಾರೆ.

ಕೊನೆಯ ಮಾತು. 2010ರಲ್ಲಿ ಯುನೆಸ್ಕೋ ಫ್ರೆಂಚರ ಊಟದ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದು ಯಾವುದೋ ಒಂದು ತಿನಿಸನ್ನಲ್ಲ; ಜನ ಒಟ್ಟಿಗೆ ಕೂತು, ತಿನ್ನುವುದರ ಬಗ್ಗೆ ಮಾತಾಡುತ್ತಾ ಉಣ್ಣುವ ರೂಢಿಯನ್ನು. ಹಾಗಾಗಿ ನೀನು ಕೇಳಿದ ಹಾಗೆ ನಿನ್ನನ್ನೂ ಕೇಳುತ್ತಾರೆ. ‘ನಿಮ್ಮೂರಿನ ಊಟ ಏನು?’ ಎಂದಾಗ ‘ಏನಿಲ್ಲ, ಮಾಮೂಲಿ’ ಎಂದು ತೇಲಿಸಬೇಡ. ಮಳೆ ಕೈಕೊಟ್ಟರೂ ಒಣಹೊಲದಲ್ಲಿ ಬರುವ ಕೊರಲೆಯ ಬಗ್ಗೆ ಹೇಳು. ಹುಚ್ಚೆಳ್ಳು ಚಟ್ನಿ, ಹಿತಕಿದ ಅವರೆಬೇಳೆ ಸಾರು, ನಮ್ಮ ಜಿಲ್ಲೆಯ ಹುಣಸೆಹಣ್ಣು, ಪಾವಗಡದ ಕಡಲೆಬೀಜದ ಬಗ್ಗೆ ಹೇಳು. ಯಾವ ತಿಂಗಳು ಬಿತ್ತುತ್ತಾರೆ, ಯಾವಾಗ ಕೊಯ್ಯುತ್ತಾರೆ, ಮನೆಯಲ್ಲಿ ಹೇಗೆ ಕಾಪಿಡುತ್ತಾರೆ ಎಂಬುದನ್ನೂ ಹೇಳು. ಒಳ್ಳೆಯ ಅಡುಗೆಯವರು ಇಂಥ ಮಾತಿಗೆ ಕಿವಿಗೊಟ್ಟೇ ಕೊಡುತ್ತಾರೆ, ಅವರ ಕಸುಬು ನಿಂತಿರುವುದೇ ಪದಾರ್ಥದ ಮೇಲೆ.

ಅದನ್ನು ಹೇಳಬೇಕಾದರೆ ನಿನಗೆ ಗೊತ್ತಿರಬೇಕು. ಮುಂದಿನ ಸಲ ಊರಿಗೆ ಹೋದಾಗ ಕೊರಲೆಯನ್ನು ಹೇಗೆ ಹಸನು ಮಾಡುತ್ತಾರೆ, ಬಸ್ಸಾರಿಗೆ ಯಾವ ಸೊಪ್ಪು ಯಾವ ಕಾಳಿಗೆ ಒಪ್ಪುತ್ತದೆ ಅಂತ ಅಜ್ಜಿಯ ಹತ್ತಿರ ಕೂತು ಕೇಳಿ ಬರೆದುಕೋ. ಮನೆಯ ಊಟವನ್ನು ಹೀಗೆ ಕೇಳಿ ತಿಳಿದವನು ಯಾವ ದೇಶದ ಮೇಜಿನಲ್ಲೂ ಬೆನ್ನು ನೆಟ್ಟಗೆ ಮಾಡಿ ಕೂರಬಲ್ಲ. ಹೋಗಿ ಬಾ, ಚೆನ್ನಾಗಿ ಉಂಡು ಬಾ.