ಕುಂಡದಲ್ಲಿ ಗಾಳಿಗೂ ಜಾಗವಿರಲಿ

ಮನೆಯೊಳಗಿನ ಗಿಡ ಜೋಲುಬಿದ್ದದ್ದು ಕಂಡರೆ ಸಾಕು, ಕೈ ಚೊಂಬಿನ ಕಡೆ ಹೋಗುತ್ತದೆ. ಹೊಸದಾಗಿ ಗಿಡ ಸಾಕುವವರು ಮೊದಲು ಆ ಕೈಯನ್ನು ತಡೆಯುವುದು ಕಲಿಯಬೇಕು. ನೀರು ಸಾಲದಿದ್ದಾಗ ಬಾಡುವಂತೆಯೇ ನೀರು ಹೆಚ್ಚಾದಾಗಲೂ ಗಿಡ ಬಾಡುತ್ತದೆ. ಎರಡೂ ಸಲ ಎಲೆಗೆ ನೀರು ತಲುಪಿರುವುದಿಲ್ಲ. ಒಮ್ಮೆ ಮಣ್ಣಿನಲ್ಲೇ ನೀರಿಲ್ಲ. ಇನ್ನೊಮ್ಮೆ ನೀರೆತ್ತಬೇಕಾದ ಬೇರೇ ಕೊಳೆತಿದೆ. ಹಾಗಾಗಿ ಮೊದಲು ಮಣ್ಣು ಮುಟ್ಟಿ ನೋಡಿ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದೆಯೇ? ಬುಡದ ಎಲೆಗಳು ಹಳದಿಯಾಗಿ ಮೆತ್ತಗಾಗುತ್ತಿವೆಯೇ? ಮೂಗು ಹತ್ತಿರ ತಂದರೆ ಕೊಳಕು ವಾಸನೆ ಬರುತ್ತದೆಯೇ? ಹಾಗಿದ್ದರೆ ತೊಂದರೆ ಬೇರಿನಲ್ಲಿದೆ.

ಬೇರು ಕೊಳೆಯುವುದು ಏಕೆ? ಬೇರೂ ಉಸಿರಾಡುತ್ತದೆ, ಅದಕ್ಕೆ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇರುತ್ತದೆ. ನೀರು ಹಾಕಿದಾಗ ಸಂದುಗಳು ತುಂಬುತ್ತವೆ, ಹೆಚ್ಚಿನ ನೀರು ಕೆಳಗೆ ಬಸಿದ ಮೇಲೆ ಗಾಳಿ ಮತ್ತೆ ಒಳಗೆ ಬರುತ್ತದೆ. ಅಷ್ಟರಲ್ಲೇ ಇನ್ನೊಂದು ಚೊಂಬು ಸುರಿದರೆ ಗಾಳಿಗೆ ಜಾಗವೇ ಸಿಗದು. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಉಸಿರುಕಟ್ಟಿ ಸೊರಗಿದ ಬೇರಿಗೆ ಆಮೇಲೆ ಪೈಥಿಯಂ, ಫೈಟಾಫ್ತೊರಾದಂಥ ರೋಗಾಣುಗಳು ಮುತ್ತುತ್ತವೆ. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಿಗೆ ಫೈಟಾಫ್ತೊರಾ ಹೊಸಬನಲ್ಲ. ಮಳೆಗಾಲದಲ್ಲಿ ಕೊಳೆರೋಗ ತಂದು ಕಾಯಿ ಉದುರಿಸುವುದು ಇದೇ ಕುಲದ ಜೀವಿ. ತೋಟದಲ್ಲಿ ನೀರು ನಿಲ್ಲದಿರಲೆಂದು ಬಸಿಗಾಲುವೆ ತೆಗೆಯುವವರಿಗೆ, ತೂತಿಲ್ಲದ ಕುಂಡದಲ್ಲಿ ಗಿಡ ನೆಡಬಾರದೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಬಹಳ ಜನ ಒಂದು ಪ್ರಶ್ನೆ ಕೇಳುತ್ತಾರೆ: ಮನಿಪ್ಲಾಂಟ್ ಬಾಟಲಿಯ ನೀರಿನಲ್ಲೇ ವರ್ಷಗಟ್ಟಲೆ ಬದುಕುತ್ತದಲ್ಲ, ಒದ್ದೆ ಮಣ್ಣಿನಲ್ಲಿ ಯಾಕೆ ಕೊಳೆಯಬೇಕು? ಒಳ್ಳೆಯ ಪ್ರಶ್ನೆ. ನೀರಿನಲ್ಲೇ ಹುಟ್ಟಿದ ಬೇರು ಅಲ್ಲಿನ ಕಡಿಮೆ ಆಮ್ಲಜನಕಕ್ಕೆ ಹೊಂದಿಕೊಂಡೇ ಬೆಳೆದಿರುತ್ತದೆ. ಬಾಟಲಿಯ ನೀರನ್ನು ನಾವು ಆಗಾಗ ಬದಲಿಸುತ್ತೇವೆ ಕೂಡ. ಮಣ್ಣಿನಲ್ಲಿ ಬೆಳೆದ ಬೇರಿಗೆ ಆ ಸಿದ್ಧತೆ ಇಲ್ಲ. ಮೇಲಾಗಿ ಮಣ್ಣಿನಲ್ಲಿರುವ ಗೊಬ್ಬರವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇದ್ದಬದ್ದ ಆಮ್ಲಜನಕವನ್ನೂ ಬಳಸಿಬಿಡುತ್ತವೆ.

ತೂತಿನ ಮೇಲೆ ಒಂದು ಪದರ ಜಲ್ಲಿ ಹರಡಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ಸಲಹೆ ಬಹಳ ಹಳೆಯದು. ಅದನ್ನು ನಂಬಬೇಡಿ. ನುಣ್ಣನೆಯ ಮಣ್ಣು ತಾನು ಪೂರ್ತಿ ತೊಯ್ಯುವ ತನಕ ಕೆಳಗಿನ ದಪ್ಪ ಜಲ್ಲಿಗೆ ನೀರು ಬಿಟ್ಟುಕೊಡುವುದಿಲ್ಲ. ಪರಿಣಾಮವಾಗಿ ಕುಂಡದ ತಳದಲ್ಲಿರಬೇಕಾದ ಒದ್ದೆ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರುತ್ತದೆ. ಮಣ್ಣು ಸೋರದಂತೆ ತೂತಿಗೊಂದು ಹೆಂಚಿನ ಚೂರು ಇಟ್ಟರೆ ಸಾಕು. ಜಲ್ಲಿಯ ಬದಲು ಮಣ್ಣನ್ನೇ ಸಡಿಲಗೊಳಿಸಿ: ಕೆಂಪುಮಣ್ಣು, ಕೋಕೋಪೀಟ್, ಹಳೆಯ ಗೊಬ್ಬರ ಸಮಸಮ, ಜೊತೆಗೆ ಒಂದಿಷ್ಟು ದಪ್ಪ ಮರಳು ಅಥವಾ ಪರ್ಲೈಟ್. ನರ್ಸರಿಯಿಂದ ತಂದ ಗಿಡದ ಬೇರಿಗೆ ಎಷ್ಟೋ ಸಲ ಜಿಗುಟು ಕೆಂಪುಮಣ್ಣಿನ ಹೆಂಟೆ ಅಂಟಿಕೊಂಡಿರುತ್ತದೆ. ಕುಂಡ ಬದಲಿಸುವಾಗ ಅದನ್ನು ಮೆಲ್ಲಗೆ ಬಿಡಿಸಿ.

ಎಷ್ಟು ದಿನಕ್ಕೊಮ್ಮೆ ನೀರು? ಈ ಪ್ರಶ್ನೆಗೆ ದಿನ ಎಣಿಸಿ ಉತ್ತರ ಹೇಳುವವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಜುಲೈ ತಿಂಗಳ ಮಂಗಳೂರಿನಲ್ಲಿ ವಾರವಾದರೂ ಆರದ ಕುಂಡ, ಏಪ್ರಿಲ್‌ನ ಕಲಬುರಗಿಯಲ್ಲಿ ಬಹುಬೇಗ ಒಣಗುತ್ತದೆ. ಅಂಗಳದ ಬಿಸಿಲಲ್ಲಿರುವ ತುಳಸಿ ದಿನಾ ಎರೆಯುವ ನೀರನ್ನು ಕುಡಿದು ಅರಗಿಸಿಕೊಳ್ಳುತ್ತದೆ. ಹಾಲ್‌ನ ಮೂಲೆಯ ಮಬ್ಬು ಬೆಳಕಿನಲ್ಲಿರುವ ಗಿಡಕ್ಕೆ ಆ ಲೆಕ್ಕ ಹಿಡಿಯದು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ಕೋಕೋಪೀಟ್ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ, ಕಣ್ಣನ್ನು ನಂಬುವಂತಿಲ್ಲ. ಬೆರಳು ಕೆಸರಾಗುವುದು ಬೇಡವೆಂದರೆ ಐಸ್‌ಕ್ಯಾಂಡಿ ಕಡ್ಡಿ ಚುಚ್ಚಿ ತೆಗೆಯಿರಿ. ಹಸಿಮಣ್ಣು ಅಂಟಿ ಬಂದರೆ ಕಾಯಿರಿ. ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್‌ಗಳಂತೂ ನೀರನ್ನು ತಮ್ಮಲ್ಲೇ ಕೂಡಿಟ್ಟುಕೊಳ್ಳುವ ಗಿಡಗಳು, ಮಣ್ಣು ಪೂರ್ತಿ ಒಣಗಿದ ಮೇಲೆ ಕೊಟ್ಟರೆ ಸಾಕು.

ಕೊಡುವಾಗ ಮಾತ್ರ ಜಿಪುಣತನ ಬೇಡ. ತಳದ ತೂತಿನಿಂದ ಹರಿಯುವಷ್ಟು ಕೊಡಿ, ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿ. ಬೇರನ್ನು ಕೊಳೆಸುವುದು ಒಂದು ಸಲ ಕೊಟ್ಟ ನೀರಿನ ಪ್ರಮಾಣವಲ್ಲ, ಆರುವ ಮೊದಲೇ ಮತ್ತೆ ಮತ್ತೆ ಕೊಡುವುದು. ಚೆಂದಕ್ಕೆಂದು ಪಿಂಗಾಣಿ ಕುಂಡದೊಳಗೆ ಪ್ಲಾಸ್ಟಿಕ್ ಕುಂಡ ಇಟ್ಟಿದ್ದರೆ, ನಡುವೆ ನೀರು ನಿಂತಿದೆಯೇ ಎಂದು ಎತ್ತಿ ನೋಡುವುದನ್ನು ಮರೆಯಬೇಡಿ.

ಇನ್ನು ಗಿಡ ಈಗಾಗಲೇ ಕೆಟ್ಟಿದ್ದರೆ. ಬರೀ ಎರಡು ಎಲೆ ಹಳದಿಯಾಗಿದ್ದರೆ ನೀರು ನಿಲ್ಲಿಸಿ, ಗಾಳಿಯಾಡುವ, ಬೆಳಕಿರುವ ಜಾಗಕ್ಕೆ ಸರಿಸಿ; ಸಾಮಾನ್ಯವಾಗಿ ಅಷ್ಟಕ್ಕೇ ಚೇತರಿಸಿಕೊಳ್ಳುತ್ತದೆ. ಬುಡ ಮೆತ್ತಗಾಗಿದ್ದರೆ ಗಿಡವನ್ನು ಕುಂಡದಿಂದ ಹೊರತೆಗೆದು ಬೇರು ತೊಳೆಯಿರಿ. ಹಿಡಿದರೆ ಗಟ್ಟಿಯಾಗಿರುವುದು ಜೀವಂತ ಬೇರು. ಕಂದಾಗಿ, ಲೋಳೆಯಾಗಿ, ಎಳೆದರೆ ಸಿಪ್ಪೆ ಕಳಚಿ ಬರುವುದು ಸತ್ತದ್ದು. ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಸತ್ತದ್ದನ್ನೆಲ್ಲ ಕತ್ತರಿಸಿ, ಉಳಿದ ಬೇರಿನ ಅಳತೆಯ ಚಿಕ್ಕ ಕುಂಡದಲ್ಲಿ ಹೊಸ ಮಣ್ಣಿಗೆ ನೆಡಿ. ದೊಡ್ಡ ಕುಂಡದಲ್ಲಿ ಬೇರು ಹೀರಲಾರದಷ್ಟು ನೀರು ಉಳಿದು ಮೊದಲಿನ ಕಥೆಯೇ ಆಗುತ್ತದೆ. ಹೊಸ ಚಿಗುರು ಬರುವವರೆಗೆ ಗೊಬ್ಬರ ಬೇಡ, ಗಾಯಗೊಂಡ ಬೇರನ್ನು ಅದು ಸುಡುತ್ತದೆ.

ಬೇರೇ ಉಳಿದಿಲ್ಲವೇ? ಕಾಂಡದ ಮೇಲ್ಭಾಗ ಗಟ್ಟಿಯಿದ್ದರೆ ಅಲ್ಲಿಂದ ಗೆಣ್ಣು ಸಹಿತ ತುಂಡು ಕತ್ತರಿಸಿ ನೀರಿನಲ್ಲೋ ಮರಳಿನಲ್ಲೋ ಬೇರು ಬರಿಸಿ. ಮನಿಪ್ಲಾಂಟ್‌ಗೆ ಇದು ಸುಲಭ. ಸ್ನೇಕ್ ಪ್ಲಾಂಟ್‌ನ ಎಲೆಯಾದರೆ ಕತ್ತರಿಸಿದ ಗಾಯ ಎರಡು ಮೂರು ದಿನ ಒಣಗಲು ಬಿಟ್ಟು ನೆಡಿ. ಕೊಳೆತ ಗಿಡವಿದ್ದ ಮಣ್ಣನ್ನು ಪಕ್ಕದ ಕುಂಡಕ್ಕೆ ಸುರಿಯಬೇಡಿ, ಕುಂಡವನ್ನು ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿಯೇ ಮತ್ತೆ ಬಳಸಿ.