ಬಿಳಿ ತೋಳಿನ ಮೇಲೆ ಹಸಿರು: ಮೋನೆಯ ಚಿತ್ರವೊಂದರ ಅಭ್ಯಾಸ ಪಾಠ

ಕೇಶ್ವಾಪುರದ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಯಲ್ಲಿ, ವಿಜ್ಞಾನದ ಅಭ್ಯಾಸ ಪಾಠಗಳ ನಡುವೆ ಒಂದು ಅವಧಿಯನ್ನು ಚಿತ್ರ ವೀಕ್ಷಣೆಗೆ ತೆಗೆದುಕೊಂಡೆ. ಆಯ್ದ ಚಿತ್ರ ಕ್ಲೋದ್ ಮೋನೆ 1875ರಲ್ಲಿ ಬರೆದ ‘ಛತ್ರಿ ಹಿಡಿದ ಮಹಿಳೆ’. ಮೂಲ ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಕಲಿಕೋಪಕರಣ: ಬಣ್ಣದ ಮುದ್ರಣ, ಬಿಳಿ ಹಾಳೆ, ಹಸಿರು ಚಾರ್ಟ್.

ಪೂರ್ವಜ್ಞಾನಕ್ಕೆ ಎಸ್.ಎಲ್. ಹಳದಣಕರರ ದೀಪ ಹಿಡಿದ ಮಹಿಳೆ ಸಾಕಾದಳು. ಮೈಸೂರಿನ ಜಗನ್ಮೋಹನ ಅರಮನೆಯ ಆ ಜಲವರ್ಣ ಚಿತ್ರ ಕ್ಯಾಲೆಂಡರುಗಳಿಂದ ಪರಿಚಿತ (ಹಲವರು ಅದನ್ನು ರವಿವರ್ಮನದೇ ಎನ್ನುತ್ತಾರೆ, ಆ ಮಾತು ಬೇರೆ). ಅಲ್ಲಿ ಬೆಳಕಿನ ಆಕರ ದೀಪ. ಮೋನೆಯಲ್ಲಿ ಸೂರ್ಯ ಕಾಣುವುದೇ ಇಲ್ಲ. ನೆರಳು ಹುಲ್ಲಿನ ಮೇಲೆ ನಮ್ಮ ಕಡೆಗೆ ಬಿದ್ದಿರುವುದರಿಂದ ಸೂರ್ಯ ಆಕೆಯ ಹಿಂದಿದ್ದಾನೆಂದು ಮಕ್ಕಳೇ ಹೇಳಿದರು.

ಹಾಗಾದರೆ ಬಿಳಿ ಉಡುಪಿನ ತೋಳಿನಡಿ ಹಸಿರು, ಹಳದಿ ಏಕೆ? “ಹೊಲಸಾಗೇತ್ರಿ ಟೀಚರ್” ಎಂದ ಒಬ್ಬ. ಹಾಳೆಯನ್ನು ಕಿಟಕಿಯ ಬಿಸಿಲಿನಲ್ಲಿ ಹಸಿರು ಚಾರ್ಟಿನ ಮೇಲೆ ಓರೆಯಾಗಿ ಹಿಡಿಸಿದೆ. ಹಾಳೆಯ ನೆರಳಿನ ಬದಿಗೆ ತೆಳು ಹಸಿರು ಬಂತು. ಹುಲ್ಲು ಪ್ರತಿಫಲಿಸಿದ ಬೆಳಕು ಬಿಳಿ ಬಟ್ಟೆಯ ಮೇಲೆ ಬಿದ್ದಿದೆ. ನೆರಳೆಂದರೆ ಕಪ್ಪು ಎಂಬ ರೂಢಿಯನ್ನು ಮೋನೆ ಒಪ್ಪಲಿಲ್ಲ. ಇದಕ್ಕೇ ಹದಿನೈದು ನಿಮಿಷ ಹೋಯಿತು, ಹೋಗಲೇಬೇಕಿತ್ತು.

ಅರ್ಥೈಸುವ ಹಂತದಲ್ಲಿ ವಾದ ಹುಟ್ಟಿತು. “ಆಕಿ ಬ್ಯಾಸರದಾಗ ಅದಾಳ್ರಿ” ಎಂದಳು ಒಬ್ಬಳು. “ಇಲ್ರಿ, ಗಾಳಿ ಜೋರೈತಿ, ಹೊಳ್ಳಿ ನೋಡ್ಯಾಳ” ಎಂದಳು ಇನ್ನೊಬ್ಬಳು. ಕಪ್ಪುಹಲಗೆಯಲ್ಲಿ ‘ಕಂಡದ್ದು’, ‘ಊಹಿಸಿದ್ದು’ ಎಂದು ಎರಡು ಕಂಬಸಾಲು ಹಾಕಿದೆ. ಗಾಳಿಗೆ ಮುಖಪರದೆ, ಲಂಗ, ಹುಲ್ಲು ಎಂದು ಮೂರು ಸಾಕ್ಷಿ ಸಿಕ್ಕವು. ಬೇಸರಕ್ಕೆ ಮುಖವೊಂದೇ; ಅದೂ ಪರದೆಯ ಹಿಂದೆ. ಹುಡುಗ ಸೊಂಟದ ಮೇಲಷ್ಟೇ ಕಾಣುವುದರಿಂದ ಅವನು ದಿಬ್ಬದ ಆಚೆ ನಿಂತಿದ್ದಾನೆಂಬುದು ಒಳ್ಳೆಯ ಊಹೆ.

ಆಕೆ ಮೋನೆಯ ಹೆಂಡತಿ ಕಮೀಲ್, ಹುಡುಗ ಮಗ ಜಾನ್. ಆಕೆ 1879ರಲ್ಲಿ ತೀರಿಕೊಂಡಳು. ಇದನ್ನು ಪೀಠಿಕೆಯಲ್ಲೇ ಹೇಳಬೇಕೆಂಬುದು ಸಹಪಾಠಿಗಳ ಸಲಹೆಯಾಗಿತ್ತು. ನಾನು ಕೊನೆಗಿಟ್ಟೆ. ಮೊದಲೇ ಹೇಳಿದರೆ ಮಕ್ಕಳು ಚಿತ್ರವನ್ನು ನೋಡುವುದಿಲ್ಲ, ಸಾವನ್ನು ನೋಡುತ್ತಾರೆ. ಹೇಳಿದ ಕೂಡಲೇ “ನಾ ಹೇಳಿದ್ದ ಖರೆ ಆತಲ್ರಿ” ಎಂದಳು ಮೊದಲನೆಯವಳು. “ಚಿತ್ರಾ ತಗದಾಗ ಆಕಿ ಇದ್ಳಲ್ಲ?” ಎಂದಳು ಎರಡನೆಯವಳು.

ಮೌಲ್ಯಮಾಪನ ಹೇಗೆಂದು ಮಾರ್ಗದರ್ಶಕರು ಕೇಳಿದರು. ಬೇಸರ, ಸಂತೋಷಗಳಿಗೆ ಅಂಕವಿಟ್ಟಿರಲಿಲ್ಲ. ಪ್ರತಿ ಊಹೆಗೆ ಚಿತ್ರದಿಂದ ಒಂದು ಸಾಕ್ಷಿ ತೋರಿಸಿದರೆ ಒಂದು ಅಂಕ.