ಅಗೆಯುವ ಮುನ್ನ ಅರಿಯುವ ವಿದ್ಯೆ

ಭೂಮಿಗೆ ವಸುಂಧರೆಯೆಂಬ ಹೆಸರು ಸಾರ್ಥಕವಾದುದು. ಹೊನ್ನು ಮಣಿಗಳಷ್ಟೇ ಅವಳ ಸಂಪತ್ತಲ್ಲ. ಹಿಂದಿನವರ ಮನೆಯ ತಳಪಾಯ, ಒಲೆ, ಬಾವಿ, ಒಡೆದ ಮಡಕೆಯ ಚೂರು ಇವೂ ಅವಳ ಒಡಲಲ್ಲಿ ಅಡಗಿರುವುವು. ಇವುಗಳ ಬೆಲೆಯೆಲ್ಲ ಇವು ಇದ್ದ ಸ್ಥಾನದಲ್ಲಿದೆ. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ದೊರೆತುವೆಂಬುದರಿಂದ ಇವುಗಳ ಕಾಲವೂ ಉಪಯೋಗವೂ ತಿಳಿಯಬೇಕು. ಮಣ್ಣನ್ನು ಒಮ್ಮೆ ಕದಡಿದ ಮೇಲೆ ಚೂರುಗಳನ್ನು ಮರಳಿ ಕೂಡಿಸಬಹುದು, ಪದರಗಳನ್ನು ಕೂಡಿಸಲಾಗದು.

ಆದರೆ ರಸ್ತೆಯೂ ಬೇಕು, ಕಟ್ಟಡವೂ ಬೇಕು. ನೆಲವನ್ನೆಲ್ಲ ಅಗೆದು ಹುಡುಕಲು ಹಣವೂ ಕಾಲವೂ ಸಾಲವು. ಅಗೆಯದೆಯೇ ಒಳಗಿರುವುದನ್ನು ಅರಿಯುವುದೆಂತು? ಇಂಗ್ಲೆಂಡ್ ದೇಶದ ಎರಡು ಪ್ರಸಂಗಗಳಿಂದ ಇದನ್ನು ತಿಳಿಯಬಹುದು.

ಥೇಮ್ಸ್ ನದಿಯ ಸಮೀಪದ ಡಾರ್ಚೆಸ್ಟರ್ ಎಂಬ ಊರಿನ ಬಳಿ ಜಲ್ಲಿಗಾಗಿ ನೆಲವನ್ನು ತೋಡುತ್ತಿದ್ದರು. 1946ರಲ್ಲಿ ರಿಚರ್ಡ್ ಅಟ್ಕಿನ್ಸನ್ ಎಂಬ ಪುರಾತತ್ತ್ವಜ್ಞರು ಅಲ್ಲಿ ಲೋಹದ ಸರಳುಗಳನ್ನು ಸಾಲಾಗಿ ನೆಟ್ಟು, ವಿದ್ಯುತ್ತನ್ನು ಹರಿಸಿ, ಮಣ್ಣು ಅದಕ್ಕೊಡ್ಡುವ ತಡೆಯನ್ನು ಅಳೆದರು. ತೇವದ ಮಣ್ಣಿನಲ್ಲಿ ತಡೆ ಕಡಿಮೆ, ಕಲ್ಲಿನಲ್ಲಿ ಹೆಚ್ಚು. ಪ್ರಾಚೀನರು ತೋಡಿದ ಅಗಳು ಕಾಲಕ್ರಮದಲ್ಲಿ ಮಣ್ಣು ತುಂಬಿ ಮುಚ್ಚಿಹೋದರೂ, ಸುತ್ತಲಿನ ಜಲ್ಲಿಗಿಂತ ಹೆಚ್ಚು ತೇವವನ್ನು ಹಿಡಿದಿರುವುದು. ತಡೆ ತಗ್ಗಿದ ಕಡೆ ಅಗಳಿನ ಜಾಡು ಸಿಕ್ಕಿತು.

ಎರಡನೆಯದು 1958ರದು. ಪೀಟರ್‌ಬರೋ ಪಟ್ಟಣದ ಸಮೀಪದ ವಾಟರ್ ನ್ಯೂಟನ್ನಿನಲ್ಲಿ ಹೆದ್ದಾರಿಯನ್ನು ಅಗಲಿಸುವ ಕಾರ್ಯ ಸನ್ನಿಹಿತವಾಗಿತ್ತು. ಅಲ್ಲಿ ರೋಮನರ ಕಾಲದ ಕುಂಬಾರರ ಆವಿಗೆಗಳಿರಬಹುದೆಂದು ಬಗೆದು, ಆಕ್ಸ್‌ಫರ್ಡಿನ ವಿಜ್ಞಾನಿ ಮಾರ್ಟಿನ್ ಐಟ್ಕೆನ್ ಅವರ ನೆರವನ್ನು ಪಡೆದರು. ಇದರ ಮರ್ಮ ಇಷ್ಟೆ: ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶವುಂಟು. ಅದು ಸುಮಾರು 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಆರುವಾಗ ಭೂಮಿಯ ಕಾಂತಶಕ್ತಿಯ ದಿಕ್ಕನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು. ಹೀಗೆ ಬೆಂದ ಆವಿಗೆಯು ಶತಮಾನಗಳು ಕಳೆದರೂ ದುರ್ಬಲವಾದ ಅಯಸ್ಕಾಂತದಂತೆ ಉಳಿದಿರುವುದು. ದ್ರವ ತುಂಬಿದ ಸೀಸೆ, ಅದರ ಸುತ್ತ ತಂತಿಯ ಸುರುಳಿ, ಇವೇ ಅವರ ಉಪಕರಣದ ಮುಖ್ಯ ಭಾಗಗಳು. ದ್ರವದಲ್ಲಿನ ಪ್ರೋಟಾನುಗಳ ಸುತ್ತಾಟದ ವೇಗದಿಂದ ಕಾಂತಬಲ ತಿಳಿಯುವುದು. ಮೋಜಣಿಯವರು ಸರಪಳಿ ಹಿಡಿದು ಹೊಲವನ್ನು ಅಳೆಯುವಂತೆ, ಅವರು ನೆಲವನ್ನು ಅಳೆಯುತ್ತ ಅಂಕಿಗಳನ್ನು ಬರೆದುಕೊಂಡರು. ಅಂಕಿ ವ್ಯತ್ಯಾಸವಾದ ಕಡೆ ಅಗೆಯಲು, ಆವಿಗೆಯೇ ದೊರೆಯಿತು!

ಇಷ್ಟಾದರೂ ಉಪಕರಣವು ಸರ್ವಜ್ಞವಲ್ಲ. ಸಮೀಪದ ತಂತಿಬೇಲಿ, ಹೂತ ಕಬ್ಬಿಣದ ತುಂಡು ಕಾಂತಮಾಪನವನ್ನು ಕೆಡಿಸುವುವು. ಬಹಳ ಆಳದಲ್ಲಿರುವುದು ಗೋಚರಿಸದೆ ಹೋಗಬಹುದು. ಅಂಕಿ ಬದಲಾಗಲಿಲ್ಲವೆಂದ ಮಾತ್ರಕ್ಕೆ ಕೆಳಗೆ ಏನೂ ಇಲ್ಲವೆನ್ನಲಾಗದು. ಎಲ್ಲಿ ಅಗೆಯಬೇಕೆಂಬುದನ್ನು ಅದು ಸೂಚಿಸುವುದು. ಅಲ್ಲಿರುವುದು ಏನೆಂಬುದನ್ನು ಗುದ್ದಲಿಯೇ ನಿಶ್ಚಯಿಸಬೇಕು.

ಕಟ್ಟಡಕ್ಕೆ ಅನುಮತಿ ಕೊಡುವ ಮೊದಲೇ ಇಂಥ ಪರೀಕ್ಷೆಯನ್ನು ಅಪೇಕ್ಷಿಸುವ ಪದ್ಧತಿ, 1990ರ ಸರ್ಕಾರಿ ಮಾರ್ಗಸೂಚಿಯಿಂದ ಇಂಗ್ಲೆಂಡಿನಲ್ಲಿ ಬೇರೂರಿತು. ಮೊದಲೇ ತಿಳಿದರೆ ತಳಪಾಯವನ್ನು ಹತ್ತು ಮಾರು ಸರಿಸಬಹುದು. ಸರಿಸಲಾಗದಿದ್ದರೆ ಅಗೆದು, ಅಳೆದು, ದಾಖಲೆ ಮಾಡಿಡಬಹುದು.

ಉಪಕರಣವಿಲ್ಲದ ಊರಿನಲ್ಲಿಯೂ ಇದರ ನೀತಿಯನ್ನು ಪಾಲಿಸಬಹುದು. ಪಾಯ ತೋಡುವಾಗ ಬರೆಹವುಳ್ಳ ಕಲ್ಲೋ ಹಳೆಯ ಗೋಡೆಯೋ ಕಂಡರೆ ಕೆಲಸವನ್ನು ನಿಲ್ಲಿಸಿ, ವಸ್ತುವನ್ನು ಕದಲಿಸದೆ, ಸ್ಥಳವನ್ನು ಗುರುತಿಟ್ಟು, ಅಧಿಕಾರಿಗಳಿಗೆ ತಿಳಿಸತಕ್ಕದ್ದು. ಹೊಸದನ್ನು ಕಟ್ಟುವವರಿಗೆ ಹಳೆಯದರ ಲೆಕ್ಕವೂ ಇರಬೇಕಲ್ಲವೇ?